ಹಳೆ ಗಾಡಿಗೆ ಹೊಸ ದಮ್ಮು

‘ಗಾಡಿ ಚೊಲೊ ಐತ್ರಿ ಮಿಸ್ತ್ರಿ, ಆದ್ರ ಎಳೆಯಂಗಿಲ್ಲ.’ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗ್ಯಾರೇಜುಗಳಲ್ಲಿ ಹಳೆಯ ಸಣ್ಣ ಕಾರು ಇಟ್ಟುಕೊಂಡವರ ಬಾಯಿಂದ ಈ ಮಾತು ಬಂದೇ ಬರುತ್ತದೆ. ತಗಡು ಇನ್ನೂ ಗಟ್ಟಿ, ಮನೆಮಂದಿಗೆಲ್ಲ ಗಾಡಿಯ ಮೇಲೆ ಜೀವ, ಮಾರಲು ಮನಸ್ಸಿಲ್ಲ. ಆದರೆ ಐದು ಜನ ಕೂತು, ಡಿಕ್ಕಿಯಲ್ಲೊಂದು ಮೆಣಸಿನಕಾಯಿ ಚೀಲ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹತ್ತಿದರೆ ಹಿಂದಿನಿಂದ ಬರುವ ಲಾರಿಯೂ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸುತ್ತದೆ. ಅಂಥ ಹೊತ್ತಿನಲ್ಲಿ ಹುಟ್ಟುವ ಆಸೆ ಎಂಜಿನ್ ಬದಲಾವಣೆ. ಬಾಡಿ ಅದೇ, ಚಾಸಿ ಅದೇ, ಒಳಗೆ ಕೂರುವ ಎಂಜಿನ್ ಮಾತ್ರ ಹಳೆಯದಕ್ಕಿಂತ ದೊಡ್ಡದು.

ಇದನ್ನು ಹುಡುಗರ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ವಿದ್ಯೆ ನಮ್ಮಲ್ಲಿ ಹುಟ್ಟಿದ್ದು ಹೊಟ್ಟೆಪಾಡಿನಿಂದ. ಪೆಟ್ರೋಲ್ ದುಬಾರಿಯಾಗಿ ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಬಾಡಿಗೆ ಓಡಿಸುವವರು ಅಂಬಾಸಿಡರಿನ ಪೆಟ್ರೋಲ್ ಎಂಜಿನ್ ಕೆಳಗಿಳಿಸಿ ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿಕೊಳ್ಳುತ್ತಿದ್ದರು. ಜೀಪುಗಳಿಗೂ ಅದೇ ಚಿಕಿತ್ಸೆ. ಹಿಂದುಸ್ತಾನ್ ಮೋಟರ್ಸ್ ಕಂಪನಿಯೇ 1980ರ ಹೊತ್ತಿಗೆ ಡೀಸೆಲ್ ಅಂಬಾಸಿಡರ್ ತಂದಿತಾದರೂ ಅದರ 1,489 ಸಿಸಿ ಎಂಜಿನ್ನಿಗೆ ಇದ್ದದ್ದು 37 ಅಶ್ವಶಕ್ತಿ. ಎಂಟು–ಹತ್ತು ಜನರನ್ನು ತುಂಬಿಕೊಂಡು ಜಾತ್ರೆಗೆ, ಮದುವೆಗೆ ಓಡುವ ಗಾಡಿಗೆ ಅದು ಎಲ್ಲಿ ಸಾಲಬೇಕು? ಮೆಟಡೋರ್ ಎಂಜಿನ್ ಗದ್ದಲ ಮಾಡುತ್ತಿತ್ತು, ಗಡಗಡ ನಡುಗುತ್ತಿತ್ತು, ಆದರೆ ಎಳೆಯುತ್ತಿತ್ತು. ಆ ಕಾಲದ ಮಿಸ್ತ್ರಿಗಳು ಪುಸ್ತಕ ನೋಡಿ ಕೆಲಸ ಮಾಡಿದವರಲ್ಲ. ಸುತಳಿ ಹಿಡಿದು ಅಳತೆ ತೆಗೆದು, ರಟ್ಟಿನಲ್ಲಿ ನಕಾಶೆ ಕತ್ತರಿಸಿ, ಲೇತ್ ಅಂಗಡಿಗೆ ಕೊಟ್ಟು ಮಾಡಿಸಿದವರು.

ಆ ಲೇತಿನ ಮಾತು ಇಲ್ಲಿ ಬರಲೇಬೇಕು. ರಾಣೆಬೆನ್ನೂರಿನಿಂದ ದಕ್ಷಿಣಕ್ಕೆ ಹೊರಟು ತುಂಗಭದ್ರೆ ದಾಟಿದರೆ ಹರಿಹರ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟಿತು. ಕಾರ್ಖಾನೆ ಮುಚ್ಚಿತು, ಅಲ್ಲಿ ಬೆಳೆದ ಕಸುಬು ಮುಚ್ಚಲಿಲ್ಲ. ಒಂದು ಕಬ್ಬಿಣದ ತುಂಡನ್ನು ಕೂದಲೆಳೆಯಷ್ಟು ಸವರಿ ಅಳತೆಗೆ ತರುವ ಟರ್ನರ್ ಹತ್ತಿರದಲ್ಲಿ ಇಲ್ಲದಿದ್ದರೆ ಎಂಜಿನ್ ಬದಲಾವಣೆ ಎಂಬುದು ಬರೀ ಬಾಯಿಮಾತು. ಟ್ರ್ಯಾಕ್ಟರ್, ಟ್ರೇಲರ್, ಕೂರಿಗೆ ರಿಪೇರಿಯಲ್ಲಿ ಪಳಗಿದ ಕೈಗಳೇ ಈ ಕೆಲಸಕ್ಕೂ ಒದಗುತ್ತವೆ. ಈ ಸೀಮೆಯ ಗ್ಯಾರೇಜುಗಳ ನಿಜವಾದ ಆಸ್ತಿ ಅದು ಎಂದು ನಾನು ತಿಳಿದಿದ್ದೇನೆ.

ಇನ್ನು, ಕಂಪನಿಗಳೂ ಇದೇ ಕೆಲಸ ಮಾಡಿವೆ. ಹಿಂದುಸ್ತಾನ್ ಮೋಟರ್ಸಿನ ಕಾಂಟೆಸಾ ಕಾರು ಬಂದಾಗ ಅದರ ಭಾರೀ ಮೈಯನ್ನು ಎಳೆಯಲು ಇಟ್ಟದ್ದು ಅಂಬಾಸಿಡರಿನದೇ 1.5 ಲೀಟರ್ ಪೆಟ್ರೋಲ್ ಎಂಜಿನ್. ಅದು ಸೋತಿತು. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಕೂರಿಸಿದ ಮೇಲೆ ಅದೇ ಕಾರು ಬೇರೆಯೇ ಕಾರಾಯಿತು. ಆ ಇಸುಜು ಎಂಜಿನ್ನೇ 1990ರ ದಶಕದಲ್ಲಿ ಅಂಬಾಸಿಡರಿಗೂ ಬಂತು, ಜತೆಗೆ ಐದು ಗೇರೂ ಬಂದವು. ಪದ್ಮಿನಿ ತಯಾರಿಸುತ್ತಿದ್ದ ಪ್ರೀಮಿಯರ್ ಕಂಪನಿ 1985ರಲ್ಲಿ ಫಿಯೆಟ್ 124ರ ಬಾಡಿಗೆ ನಿಸಾನ್ ಎಂಜಿನ್ ಹಾಕಿ 118 ಎನ್‌ಇ ತಂದಿತು. ಮಾರುತಿ ಜಿಪ್ಸಿಯದು ಇನ್ನೂ ಚಂದದ ಕಥೆ. 1985ರಲ್ಲಿ 970 ಸಿಸಿಯ 45 ಅಶ್ವಶಕ್ತಿ, 1996ರಲ್ಲಿ 1,298 ಸಿಸಿಯ 60 ಅಶ್ವಶಕ್ತಿ, 2000ದ ಹೊತ್ತಿಗೆ ಅಷ್ಟೇ ಸಿಸಿಯಲ್ಲಿ 80. ಗಾಡಿಯ ಮುಖ ಮಾತ್ರ ಹೆಚ್ಚುಕಡಿಮೆ ಮೊದಲಿನದೇ.

ಈಗ ಕೆಲಸದ ಒಳಗೆ ಇಳಿಯೋಣ. ಮಾರುತಿ 800 ಅನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾದ ಈ ಕಾರು ನಮ್ಮ ಹಳ್ಳಿಹಳ್ಳಿಗೂ ಮುಟ್ಟಿದೆ. 796 ಸಿಸಿ, ಮೂರು ಸಿಲಿಂಡರ್, ಹಳೆಯ ಮಾದರಿಗಳಲ್ಲಿ 37 ಅಶ್ವಶಕ್ತಿಯ ಆಸುಪಾಸು. ಅದೇ ಮನೆತನದ ಝೆನ್ ಕಾರಿಗೆ 993 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, 50 ಅಶ್ವಶಕ್ತಿ. ಎಸ್ಟೀಮಿಗೆ 1,298 ಸಿಸಿ, ಮೊದಮೊದಲ ಮಾದರಿಗಳಲ್ಲೇ 65. ಸುಮಾರು 650 ಕಿಲೋ ತೂಕದ 800ಕ್ಕೆ ಎಸ್ಟೀಮ್ ಎಂಜಿನ್ ಇಟ್ಟರೆ ಏನಾದೀತು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ರ‍್ಯಾಲಿ ಓಡಿಸುವವರ ಕಣ್ಣು ಈ ಎಂಜಿನ್ನಿನ ಮೇಲೆ ಬಿದ್ದದ್ದೂ ಅದಕ್ಕೇ.

ಆದರೆ ಒಂದು ಸಿಲಿಂಡರ್ ಹೆಚ್ಚಾಯಿತೆಂದರೆ ಎಂಜಿನ್ನಿನ ಉದ್ದವೂ ಹೆಚ್ಚಾಯಿತು. 800ರ ಬಾನೆಟ್ಟಿನ ಕೆಳಗೆ ಎಂಜಿನ್ ಅಡ್ಡಡ್ಡ ಕೂರುತ್ತದೆ. ಬ್ಯಾಟರಿ ಜಾಗ ಬಿಡಬೇಕು, ರೇಡಿಯೇಟರ್ ಸರಿಯಬೇಕು, ಫೌಂಡೇಶನ್ ಎಂದು ಗ್ಯಾರೇಜಿನವರು ಕರೆಯುವ ರಬ್ಬರ್ ಮೌಂಟಿಂಗುಗಳಿಗೆ ಹೊಸ ಬ್ರಾಕೆಟ್ ಬೆಸೆಯಬೇಕು. ಚೈನ್ ಪುಲ್ಲಿಗೆ ಎಂಜಿನ್ ನೇತುಹಾಕಿ ಇಳಿಸುವುದು, ಎಲ್ಲಿ ತಾಗುತ್ತದೆ ನೋಡುವುದು, ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಮತ್ತೆ ಎತ್ತುವುದು. ಒಳ್ಳೆಯ ಮಿಸ್ತ್ರಿ ಇಲ್ಲಿ ಅವಸರ ಮಾಡುವುದಿಲ್ಲ.

ಎಂಜಿನ್ನಿನ ಜತೆ ಅದರದೇ ಗೇರ್‌ಬಾಕ್ಸ್ ಬಂದರೆ ಆಕ್ಸಲ್ ತಲೆ ತಿನ್ನುತ್ತದೆ. ಒಳತುದಿ ಹೊಸ ಗೇರ್‌ಬಾಕ್ಸಿನ ಹಲ್ಲಿಗೆ ಕೂಡಬೇಕು, ಹೊರತುದಿ ಹಳೆಯ ಹಬ್ಬಿನ ಹಲ್ಲಿಗೆ. ಎರಡು ಆಕ್ಸಲ್ ಕತ್ತರಿಸಿ ನಡುವೆ ವೆಲ್ಡ್ ಮಾಡಿ ಕೊಡುವವರಿದ್ದಾರೆ. ದಯವಿಟ್ಟು ಅಂಥ ಕಡೆಯಿಂದ ಎದ್ದು ಬನ್ನಿ. ತಿರುಚುವ ಬಲವೆಲ್ಲ ಆ ಬೆಸುಗೆಯ ಮೇಲೇ ಬೀಳುತ್ತದೆ, ಅದು ಮುರಿಯುವುದು ಗಾಡಿ ಜೋರಾಗಿ ಎಳೆಯುತ್ತಿರುವಾಗಲೇ. ಎರಡೂ ತುದಿಗೆ ಹೊಂದುವ ಭಾಗಗಳನ್ನು ಹುಡುಕಿ ಜೋಡಿಸಬೇಕು, ಇಲ್ಲವೇ ಸರಿಯಾದ ಉಕ್ಕಿನಲ್ಲಿ ಹೊಸದೇ ಮಾಡಿಸಿ ಹದ ಕೊಡಿಸಬೇಕು.

ಪದ್ಮಿನಿಯಂಥ ಹಿಂಚಕ್ರದ ಗಾಡಿಗಳಲ್ಲಿ ಕಥೆ ಬೇರೆ. ಅಲ್ಲಿ ಹಳೆಯ ಗೇರ್‌ಬಾಕ್ಸ್ ಉಳಿಸಿಕೊಂಡು ಹೊಸ ಎಂಜಿನ್ ಜೋಡಿಸುವ ಆಸೆ. ಎರಡರ ಬೋಲ್ಟ್ ತೂತುಗಳು ಒಂದಕ್ಕೊಂದು ಕೂಡುವುದಿಲ್ಲವಾದ್ದರಿಂದ ನಡುವೆ ದಪ್ಪ ಪ್ಲೇಟು ಬರಬೇಕು. ಅದರ ಒಂದು ಮುಖದ ತೂತುಗಳು ಎಂಜಿನ್ನಿಗೆ, ಇನ್ನೊಂದು ಮುಖದವು ಗೇರ್‌ಬಾಕ್ಸಿಗೆ. ನೋಡಲು ಸಾದಾ ಪ್ಲೇಟು, ಇಡೀ ಕೆಲಸದ ಪ್ರಾಣ ಅದರಲ್ಲಿದೆ. ಕ್ರ್ಯಾಂಕಿನ ನಡುಬಿಂದು ಮತ್ತು ಗೇರ್‌ಬಾಕ್ಸ್ ಶಾಫ್ಟಿನ ನಡುಬಿಂದು ಒಂದೇ ಗೆರೆಯಲ್ಲಿರಬೇಕು. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ ಮುಳ್ಳು ಎಷ್ಟು ಅಲುಗಿತು ಎಂದು ನೋಡುತ್ತಾರೆ. ಮಿಲಿಮೀಟರಿನ ಹತ್ತನೇ ಒಂದು ಭಾಗ ದಾಟಿದರೆ ಪ್ಲೇಟು ಮತ್ತೆ ಲೇತಿಗೆ. ಕಣ್ಣಂದಾಜಿನಲ್ಲಿ ಬಿಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿ ಮೊದಲು ಬೇರಿಂಗ್ ಕೂಗುತ್ತದೆ, ಆಮೇಲೆ ಕ್ಲಚ್ ಪ್ಲೇಟು ಹರಿಯುತ್ತದೆ, ಕೊನೆಗೆ ಗೇರ್ ತಾನಾಗಿ ಜಾರುತ್ತದೆ. ಮಾಲೀಕ ಎಂಜಿನ್ನಿಗೆ ಬೈಯುತ್ತಾನೆ, ತಪ್ಪು ಪ್ಲೇಟಿನದು.

ಕಾರ್ಬ್ಯುರೇಟರಿನ ಕಾಲದ ಗಾಡಿಗೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್ ತಂದರೆ ಕೆಲಸ ಇಮ್ಮಡಿ. ಹಳೆಯ ಪಂಪು ಪೆಟ್ರೋಲನ್ನು ಮೆಲ್ಲಗೆ ದೂಡಿದರೆ ಸಾಕಿತ್ತು, ಇಂಜೆಕ್ಟರಿಗೆ ಸುಮಾರು 3 ಬಾರ್ ಒತ್ತಡ ಬೇಕು. ಟ್ಯಾಂಕಿನ ಪಂಪು ಹೊಸದು, ಪೈಪು ಹೊಸದು. ಮೇಲೆ ಇಸಿಎಂ ಎಂಬ ಮೆದುಳು, ಅದಕ್ಕೆ ಸುದ್ದಿ ಕೊಡುವ ಸೆನ್ಸರುಗಳು, ಅಷ್ಟಕ್ಕೂ ಒಂದು ಜಡೆ ವೈರು. ಗುಜರಿಯಲ್ಲಿ ಎಂಜಿನ್ ಕೊಳ್ಳುವವರು ವೈರಿಂಗ್ ಕತ್ತರಿಸಿದ ಎಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುತ್ತಾರೆ. ಉಳಿಸಿದ ದುಡ್ಡು ಎಲೆಕ್ಟ್ರಿಷಿಯನ್ನಿಗೆ ಎರಡು ಪಟ್ಟಾಗಿ ಹೋಗುತ್ತದೆ. ಕೊಳ್ಳುವುದಾದರೆ ಎಂಜಿನ್, ಗೇರ್‌ಬಾಕ್ಸ್, ವೈರಿಂಗ್, ಇಸಿಎಂ ಎಲ್ಲ ಒಂದೇ ಗಾಡಿಯದು ಕೊಳ್ಳಿ. ಏಪ್ರಿಲ್ ಬಿಸಿಲಿನ ನಮ್ಮ ಬಯಲಲ್ಲಿ ರೇಡಿಯೇಟರ್ ಸಹ ದೊಡ್ಡದೇ ಆಗಬೇಕು.

ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಬ್ರೇಕು. ಎಂಜಿನ್ನಿಗೆ ದುಡ್ಡು ಸುರಿಯುವವರು ಬ್ರೇಕಿನ ಮಾತು ಬಂದಾಗ ಕೈ ಹಿಂದೆಗೆಯುತ್ತಾರೆ. ಓಡುವ ಗಾಡಿಯಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುತ್ತಿದ್ದ ಕಾರು 120ರಲ್ಲಿ ಹೋದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. 800ರದು 12 ಇಂಚಿನ ಪುಟ್ಟ ಚಕ್ರ, ಅದರೊಳಗೆ ಎಷ್ಟು ದೊಡ್ಡ ಬ್ರೇಕು ಹಿಡಿಸೀತು? ಹೆದ್ದಾರಿಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬರುತ್ತದೆ, ಕುರಿಹಿಂಡು ಅಡ್ಡ ಬರುತ್ತದೆ, ಮೋಟೆಬೆನ್ನೂರಿನಂಥ ಊರ ಹತ್ತಿರ ಮಕ್ಕಳು ರಸ್ತೆ ದಾಟುತ್ತಿರುತ್ತಾರೆ.

ಇಂಗ್ಲೆಂಡಿನ ಮಿನಿ ಕಾರಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1959ರಲ್ಲಿ ಬಂದ ಆ ಪುಟ್ಟ ಕಾರಿಗೆ 848 ಸಿಸಿ, 34 ಅಶ್ವಶಕ್ತಿ. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದರ ಒಳಗಿನ ಸತ್ವ ಕಂಡ. 1961ರಲ್ಲಿ ಬಂದ ಮಿನಿ ಕೂಪರಿಗೆ 997 ಸಿಸಿ, 55 ಅಶ್ವಶಕ್ತಿ, ಮತ್ತು ಅದರ ಜತೆಗೇ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕು. 10 ಇಂಚಿನ ಚಕ್ರದೊಳಗೆ ಡಿಸ್ಕ್ ಹಿಡಿಸುವುದು ಸುಲಭದ ಕೆಲಸವಾಗಿರಲಿಲ್ಲ, ಆದರೂ ಬಿಡಲಿಲ್ಲ. ಆ ವಂಶದ ಕಾರು 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. ನಮ್ಮ ಹುಡುಗರು ಎಂಜಿನ್ನಿನ ಅಂಕಿ ನೆನಪಿಟ್ಟುಕೊಳ್ಳುತ್ತಾರೆ, ಡಿಸ್ಕನ್ನು ಮರೆಯುತ್ತಾರೆ.

ಕಾಗದಪತ್ರ ಇನ್ನೊಂದು ಘಟ್ಟ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಅನುಮೋದಿತ ಕಿಟ್ ಹಾಕಿಸಿ ಗ್ಯಾಸ್, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಬದಲಾಯಿಸಲು ದಾರಿಯಿದೆ. ಒಪ್ಪಿಗೆಯಿಲ್ಲದೆ ಎಂಜಿನ್ ಬದಲಾಗಿದ್ದರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಮಾರ್ಪಾಡು ಕಂಪನಿಯ ಮೂಲ ವಿವರಕ್ಕೆ ವಿರುದ್ಧ ಇರಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಕಾನೂನು ಮೀರಿದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಸವೆದ ಎಂಜಿನ್ ತೆಗೆದು ಅದೇ ಮಾದರಿಯದನ್ನು ಬಿಲ್ ಸಮೇತ ಹಾಕಿಸಿ ಆರ್‌ಸಿಯಲ್ಲಿ ನಂಬರ್ ಬರೆಸುವುದು ಬೇರೆ, 800ಕ್ಕೆ ಎಸ್ಟೀಮ್ ಎಂಜಿನ್ ಹಾಕಿ ರಸ್ತೆಗಿಳಿಸುವುದು ಬೇರೆ. 15 ವರ್ಷ ಮುಗಿದ ಕಾರಿನ ನೋಂದಣಿ ನವೀಕರಣಕ್ಕೆ ಹೋದಾಗ ಚಾಸಿ ನಂಬರಿನ ಜತೆ ಎಂಜಿನ್ ನಂಬರನ್ನೂ ನೋಡುತ್ತಾರೆ. ಅಪಘಾತವಾದರೆ ವಿಮಾ ಕಂಪನಿಯೂ ನೋಡುತ್ತದೆ.

ಹಾಗಾದರೆ ಈ ವಿದ್ಯೆಗೆ ಜಾಗವೇ ಇಲ್ಲವೇ? ಇದೆ. ಭಾರತದ ಮೋಟಾರು ಕ್ರೀಡಾ ಒಕ್ಕೂಟದ ನಿಯಮದಡಿ ನಡೆಯುವ ಆಟೊಕ್ರಾಸ್, ರ‍್ಯಾಲಿಗಳಲ್ಲಿ ಮಾರ್ಪಡಿಸಿದ ಗಾಡಿಗಳಿಗೆ ಬೇರೆ ವರ್ಗಗಳಿವೆ. ಬೆಂಗಳೂರಿನ ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ–1000 ರ‍್ಯಾಲಿ ಹಳೆಯ ಹೆಸರು, ಚಿಕ್ಕಮಗಳೂರಿನ ರ‍್ಯಾಲಿಯೂ ಹಾಗೆಯೇ. ಲೇತ್ ಗೊತ್ತಿರುವ, ವೆಲ್ಡಿಂಗ್ ಗೊತ್ತಿರುವ ಹಾವೇರಿ ಜಿಲ್ಲೆಯ ಹುಡುಗರು ಅಂಥ ಕಣಕ್ಕೆ ಗಾಡಿ ಕಟ್ಟುವುದನ್ನು ನೋಡಲು ನನಗೆ ಬಹಳ ಆಸೆ.

ಮನೆಯ ಹಳೆಯ ಕಾರಿಗೆ ದಮ್ಮು ಬೇಕೆನಿಸಿದವರು ಮೊದಲು ಅದೇ ಎಂಜಿನ್ನಿನ ಕಂಪ್ರೆಶನ್ ನೋಡಿಸಿ, ಬೇಕಿದ್ದರೆ ಬೋರ್ ಮಾಡಿಸಿ, ಕ್ಲಚ್, ಕಾರ್ಬ್ಯುರೇಟರ್ ಸರಿಪಡಿಸಿ. ಎಷ್ಟೋ ಗಾಡಿಗಳ ‘ಎಳೆಯಂಗಿಲ್ಲ’ ಎಂಬ ದೂರು ಅಲ್ಲಿಗೇ ಮುಗಿಯುತ್ತದೆ. ಅದಾದ ಮೇಲೂ ಬೇರೆ ಎಂಜಿನ್ ಬೇಕೆಂದರೆ, ಹಳೆಯದರ ಬೋಲ್ಟ್ ಬಿಚ್ಚುವ ಮುನ್ನ ಆರ್‌ಸಿ ಹಿಡಿದುಕೊಂಡು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಹಾವೇರಿಯ ಕೆಎ–27 ಇರಲಿ, ರಾಣೆಬೆನ್ನೂರಿನ ಕೆಎ–68 ಇರಲಿ. ಒಪ್ಪಿಗೆ ಬರಹದಲ್ಲಿ ಕೈಗೆ ಬಂದ ಮೇಲೆಯೇ ಮಿಸ್ತ್ರಿಗೆ ಮುಂಗಡ ಕೊಡಿ, ಮತ್ತು ಅವರು ಬರೆದುಕೊಡುವ ಅಂದಾಜು ಪಟ್ಟಿಯ ಮೊದಲ ಸಾಲಿನಲ್ಲಿ ಬ್ರೇಕಿನ ಖರ್ಚು ಬರೆಸಿ.