‘ಗುಲಾಬಿ ಟಾಕೀಸ್’: ಸೂಲಗಿತ್ತಿಯ ಮನೆ ಮತ್ತು ಕಡಲದಂಡೆಯ ನಿತ್ಯಬದುಕು

ಗಿರೀಶ ಕಾಸರವಳ್ಳಿ ಅವರು ನಿರ್ದೇಶಿಸಿದ ‘ಗುಲಾಬಿ ಟಾಕೀಸ್’ (2008) ಕುಂದಾಪುರ ಸೀಮೆಯ ಮೀನುಗಾರರ ಬದುಕನ್ನು ವಸ್ತುವಾಗಿ ಉಳ್ಳ ಚಲನಚಿತ್ರ. ಇದರಲ್ಲಿನ ಅಭಿನಯಕ್ಕಾಗಿ ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಲಭಿಸಿತು. ಜಾಗತೀಕರಣ ಹಾಗೂ ಕೋಮುವಾದಗಳ ಚೌಕಟ್ಟಿನಲ್ಲಿ ಈ ಚಿತ್ರವನ್ನು ವಿವೇಚಿಸುವುದು ರೂಢಿ. ಆದರೆ ಸಣ್ಣ ಸಮುದಾಯವೊಂದರ ದೈನಂದಿನ ಸಂಬಂಧಗಳ ನಿರೂಪಣೆಯಾಗಿ ಅದಕ್ಕಿರುವ ಮಹತ್ವವು ಜಾನಪದ ಅಧ್ಯಯನದ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾದುದು.

ಚಿತ್ರಕ್ಕೆ ಆಧಾರ ವೈದೇಹಿ ಅವರ ಸಣ್ಣಕತೆ. ಕತೆಯಲ್ಲಿ ಪುಟ್ಟ ಊರಿನ ಹೆಂಗಸರಿಗೆ ಹೊಸ ಲೋಕವನ್ನು ತೆರೆಯುವುದು ಚಿತ್ರಮಂದಿರ. ಕಾಸರವಳ್ಳಿ ಅವರು ಕಾಲವನ್ನು 1990ರ ದಶಕದ ಕೊನೆಗೆ ತಂದು, ಆ ಸ್ಥಾನವನ್ನು ದೂರದರ್ಶನ ಯಂತ್ರಕ್ಕೆ ನೀಡಿದ್ದಾರೆ.

ಗಂಡನಿಂದ ದೂರವಾಗಿ ಒಂಟಿಯಾಗಿರುವ ಗುಲಾಬಿ ಮುಸ್ಲಿಂ ಸೂಲಗಿತ್ತಿ. ಸಿನಿಮಾ ಎಂದರೆ ಅವಳಿಗೆ ಪ್ರಾಣ. ಗ್ರಾಮಸಮಾಜದಲ್ಲಿ ಸೂಲಗಿತ್ತಿಗೆ ಜಾತಿಮತಗಳ ಗೆರೆ ದಾಟಿ ಎಲ್ಲ ಮನೆಗಳ ಒಳಕೋಣೆಗೂ ಪ್ರವೇಶವಿರುತ್ತದೆ. ಆದರೆ ಅವಳನ್ನು ಕರೆಸಿಕೊಂಡವರು ಅವಳ ಮನೆಗೆ ಹೋಗಬೇಕೆಂಬ ಕಟ್ಟಳೆಯಿಲ್ಲ. ಅಕ್ಕಿ, ಕಾಯಿ, ಸೀರೆಗಳ ರೂಪದಲ್ಲಿ ಸಲ್ಲುತ್ತಿದ್ದ ಹೆರಿಗೆಯ ಪ್ರತಿಫಲವು ಇಲ್ಲಿ ಡಿಶ್ ಆಂಟೆನಾ ಸಹಿತ ಟಿ.ವಿ.ಯಾಗಿ ಬರುತ್ತದೆ. ಪರಿಣಾಮವಾಗಿ ನಡಿಗೆಯ ದಿಕ್ಕೇ ಬದಲಾಗುತ್ತದೆ. ಗಂಡಸರು ಕಡಲಿಗೆ ಹೋದ ಬಳಿಕ ಹೆಂಗಸರು ಗುಲಾಬಿಯ ಮನೆಗೆ ಬರತೊಡಗುತ್ತಾರೆ. ಕೆಲವರು ಒಳಗೆ ಕೂರುತ್ತಾರೆ, ಕೆಲವರು ಬಾಗಿಲ ಹೊರಗೆ ನಿಂತೇ ನೋಡುತ್ತಾರೆ, ಇನ್ನು ಕೆಲವರು ಬರುವುದೇ ಇಲ್ಲ. ಸಮುದಾಯದ ಒಳವಿಂಗಡಣೆಯನ್ನು ಚಿತ್ರವು ಹೀಗೆ ಒಂದು ಹೊಸ್ತಿಲಿನ ಸುತ್ತಲೇ ತೋರಿಸುತ್ತದೆ. ಅತ್ತೆಯ ದರ್ಪದಲ್ಲಿ ಬದುಕುವ ನೇತ್ರುವಿಗೆ ಗುಲಾಬಿ ಆಪ್ತಳಾಗುವುದೂ ಈ ಕೂಟದಲ್ಲಿಯೇ.

ಈ ಕೂಟ ಮುರಿದುಬೀಳುವುದಕ್ಕೆ ಕಾರಣಗಳು ಹೊರಗಿನಿಂದ ಬರುತ್ತವೆ. ಕರ್ನಾಟಕದ ಕರಾವಳಿಯಲ್ಲಿ 1970ರ ದಶಕದ ಉತ್ತರಾರ್ಧದಿಂದ ಪರ್ಸೀನ್ ಬಲೆಗಳು ಬಂದು, ಅನೇಕರು ಕೂಡಿ ಎಳೆಯುತ್ತಿದ್ದ ರಂಪಣಿ ಹಿಂದೆ ಸರಿಯಿತು. ದೊಡ್ಡ ದೋಣಿಗಳಿಗೂ ಸಣ್ಣ ಮೀನುಗಾರರಿಗೂ ನಡುವಿನ ಇಂಥ ಸಂಘರ್ಷವು ಚಿತ್ರದಲ್ಲಿ ಮತದ ಬಣ್ಣ ಪಡೆಯುತ್ತದೆ. 1999ರ ಕಾರ್ಗಿಲ್ ಯುದ್ಧದ ವಾತಾವರಣ ಅದನ್ನು ಉಲ್ಬಣಗೊಳಿಸುತ್ತದೆ. ನೇತ್ರು ಕಾಣೆಯಾದಾಗ ಆರೋಪ ಗುಲಾಬಿಯ ಮೇಲೆ ಬರುತ್ತದೆ. ಕೊನೆಗೆ ಅವಳನ್ನು ಬಲವಂತದಿಂದ ದೋಣಿ ಹತ್ತಿಸಿ ಕಳುಹಿಸಲಾಗುತ್ತದೆ. ಅಲ್ಲಿಯವರೆಗೆ ಒಳಗೆ ಕಾಲಿಡದಿದ್ದ ಇಬ್ಬರು ಮುದುಕಿಯರು, ಗುಲಾಬಿ ಇಲ್ಲವೆಂದು ಖಚಿತವಾದ ಮೇಲೆ, ಟಿ.ವಿ. ನೋಡಲು ಆ ಮನೆಯನ್ನು ಹೊಗುತ್ತಾರೆ.

ಊರಿನ ಸಾಮರಸ್ಯವನ್ನು ಹಬ್ಬ, ಜಾತ್ರೆ, ಆರಾಧನೆಗಳಲ್ಲಿ ಗುರುತಿಸುವುದು ಜಾನಪದ ಅಧ್ಯಯನದ ವಾಡಿಕೆ. ಯಾರು ಯಾರ ಮನೆಗೆ ಹೋಗುತ್ತಾರೆ, ಎಲ್ಲಿಯವರೆಗೆ ಹೋಗುತ್ತಾರೆ, ಯಾವಾಗ ಹೋಗುವುದನ್ನು ನಿಲ್ಲಿಸುತ್ತಾರೆ ಎಂಬುದೂ ಅಷ್ಟೇ ಮುಖ್ಯವಾದ ಕ್ಷೇತ್ರಕಾರ್ಯದ ಪ್ರಶ್ನೆಯೆಂಬುದನ್ನು ‘ಗುಲಾಬಿ ಟಾಕೀಸ್’ ಮನಗಾಣಿಸುತ್ತದೆ.