ಮರಳುನಾಡಿನ ಒಂದು ಹೊಸ ವರ್ಷ: ಲಾಭವಿತ್ತು, ಹಣವಿರಲಿಲ್ಲ

ನಮ್ಮ ವ್ಯಾಪಾರಿ ಬಂಧುಗಳಿಗೆ ಯುಗಾದಿಯನ್ನು ಬಿಟ್ಟರೂ ವರ್ಷದಲ್ಲಿ ಮೂರು ಬಾರಿ ಹೊಸ ವರ್ಷ ಬರುತ್ತದೆ. ದೀಪಾವಳಿಯ ಅಂಗಡಿ ಪೂಜೆಗೆ ಹೊಸ ಲೆಕ್ಕದ ಪುಸ್ತಕ, ಜನವರಿಗೆ ಹೊಸ ಕ್ಯಾಲೆಂಡರ್, ಏಪ್ರಿಲ್‌ಗೆ ಹೊಸ ಆರ್ಥಿಕ ವರ್ಷ. ಇವುಗಳಲ್ಲಿ ಜನವರಿ ಬಂದಾಗಲೆಲ್ಲ ನನಗೆ ನೆನಪಾಗುವುದು ದುಬೈಯಲ್ಲಿ ಕಳೆದ 2009ರ ಜನವರಿ 1. ಹನ್ನೆರಡು ವರ್ಷ ಕೊಲ್ಲಿಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ಊರಿಗೆ ಮರಳಿದ ನಾನು ಕಲಿತ ಪಾಠಗಳಲ್ಲಿ ಅತ್ಯಂತ ದುಬಾರಿಯಾದುದು ಆ ದಿನದ್ದು. ಅದರ ಬೆಲೆ ತೆತ್ತವರು ನಾನಲ್ಲ, ನನ್ನ ಸಲಹೆಯನ್ನು ನಂಬಿದ ಸ್ನೇಹಿತರೊಬ್ಬರು.

2008ರ ಪೂರ್ವಾರ್ಧದಲ್ಲಿ ದುಬೈಯ ಭರಾಟೆಗೆ ಎಣೆಯೇ ಇರಲಿಲ್ಲ. ಜುಲೈಯಲ್ಲಿ ಕಚ್ಚಾ ತೈಲದ ಬೆಲೆ ಪೀಪಾಯಿಗೆ 147 ಡಾಲರ್ ಮುಟ್ಟಿತು. ಕಣ್ಣು ಹಾಯಿಸಿದಲ್ಲೆಲ್ಲ ಕಟ್ಟಡಗಳೂ ಕ್ರೇನುಗಳೂ ಕಾಣುತ್ತಿದ್ದವು. ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿಯಾದಾಗ, ಅದು ಎಲ್ಲಿಯದೋ ಸುದ್ದಿ ಎಂದೇ ನಾವು ಭಾವಿಸಿದ್ದೆವು. ನವೆಂಬರ್‌ನಲ್ಲಿ ತಾಳೆಮರದಾಕಾರದ ಕೃತಕ ದ್ವೀಪದ ಮೇಲಿನ ಅಟ್ಲಾಂಟಿಸ್ ಹೋಟೆಲ್ ಭಾರಿ ಬಾಣಬಿರುಸುಗಳೊಂದಿಗೆ ಉದ್ಘಾಟನೆಗೊಂಡಿತು. ಅದೇ ತಿಂಗಳ ಕೊನೆಯಲ್ಲಿ, ಆ ದ್ವೀಪವನ್ನು ನಿರ್ಮಿಸಿದ ನಖೀಲ್ ಕಂಪನಿಯೇ 500 ಮಂದಿಯನ್ನು ಕೆಲಸದಿಂದ ಬಿಡಿಸುವುದಾಗಿ ಪ್ರಕಟಿಸಿತು. ಡಿಸೆಂಬರ್‌ನಲ್ಲಿ ತೈಲದ ಬೆಲೆ 40 ಡಾಲರಿಗಿಂತ ಕೆಳಗಿಳಿಯಿತು. ಬ್ಯಾಂಕುಗಳು ಸಾಲದ ಬಾಗಿಲು ಮುಚ್ಚಿದವು.

ಅನಿವಾಸಿಗೆ ಉದ್ಯೋಗವೆಂದರೆ ಸಂಬಳವಷ್ಟೇ ಅಲ್ಲ, ಅದೇ ಆತನ ವಾಸದ ಪರವಾನಗಿ. ಆಗ ಕೆಲಸ ಹೋಗಿ ವೀಸಾ ರದ್ದಾದರೆ ಸುಮಾರು ಒಂದು ತಿಂಗಳೊಳಗೆ ಹೊಸ ಕೆಲಸ ದೊರೆಯಬೇಕಿತ್ತು, ಇಲ್ಲವೇ ಮಕ್ಕಳ ಶಾಲೆಯನ್ನು ನಡುವೆಯೇ ಬಿಡಿಸಿ ಊರಿನ ವಿಮಾನ ಹತ್ತಬೇಕಿತ್ತು. ವರ್ಷದ ಆರಂಭದಲ್ಲಿ 11 ರೂಪಾಯಿಯ ಆಸುಪಾಸಿನಲ್ಲಿದ್ದ ದಿರ್ಹಂ ವರ್ಷಾಂತ್ಯಕ್ಕೆ 13 ರೂಪಾಯಿ ದಾಟಿತ್ತು. ಊರಿಗೆ ಕಳುಹಿಸುವ ಹಣ ಹೆಚ್ಚಾಯಿತೆಂದು ಸಂತೋಷಪಡಬೇಕೋ, ಮುಂದಿನ ತಿಂಗಳು ಕಳುಹಿಸಲು ಏನಾದರೂ ಉಳಿದಿರುತ್ತದೆಯೋ ಎಂದು ಚಿಂತಿಸಬೇಕೋ ತಿಳಿಯದ ಸ್ಥಿತಿ ನಮ್ಮದಾಗಿತ್ತು.

ಗಾಜಾದ ಜನರಿಗೆ ಸಹಾನುಭೂತಿ ಸೂಚಿಸಿ ದುಬೈ ಆಡಳಿತವು ಆ ವರ್ಷದ ಹೊಸ ವರ್ಷಾಚರಣೆಯನ್ನು ರದ್ದುಪಡಿಸಿತ್ತು. ಮರುದಿನ ಬೆಳಿಗ್ಗೆ ಶಾರ್ಜಾದಲ್ಲಿ ಅಲ್ಯೂಮಿನಿಯಂ ಬಾಗಿಲು-ಕಿಟಕಿ ತಯಾರಿಸುವ ವರ್ಕ್‌ಶಾಪ್ ನಡೆಸುತ್ತಿದ್ದ ಕುಂದಾಪುರ ಕಡೆಯ ಸ್ನೇಹಿತರು ಮನೆಗೆ ಬಂದರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಊರಿನವರಿಗೆಲ್ಲ ‘ಅಣ್ಣ’. ಕೈಯಲ್ಲಿ ಲೆಕ್ಕಪತ್ರದ ಕಡತ ಹಾಗೂ ಚೆಕ್ ಪುಸ್ತಕ.

“ನೀವೇ ಮಾಡಿಕೊಟ್ಟ ಲೆಕ್ಕದಲ್ಲಿ ಲಾಭ ಉಂಟಲ್ಲ ರಾಯರೇ, ಮತ್ತೆ ಬ್ಯಾಂಕಿನಲ್ಲಿ ಯಾಕೆ ಇಲ್ಲ?” ಎಂದರು.

ಆ ಪ್ರಶ್ನೆಗೆ ಉತ್ತರ ಅವರ ಕಡತದಲ್ಲಿಯೇ ಇತ್ತು. ಹಿಂದಿನ ವರ್ಷ ವರ್ಕ್‌ಶಾಪ್ ವಿಸ್ತರಿಸಲು ಬ್ಯಾಂಕಿಗೆ ಬೇಕಾದ ಅಂದಾಜು ಪಟ್ಟಿಯನ್ನು ತಯಾರಿಸಿಕೊಟ್ಟವನು ನಾನೇ. ಮಾರಾಟ ಇಮ್ಮಡಿಯಾಗುತ್ತದೆಂದು ಅದರಲ್ಲಿ ಬರೆದಿದ್ದೆ; ಇಮ್ಮಡಿಯೂ ಆಗಿತ್ತು. ಆದರೆ ಗುತ್ತಿಗೆದಾರರಿಂದ ಬರಬೇಕಾದ ಬಾಕಿ ಯಾವ ದಿನ ಕೈಸೇರುತ್ತದೆಂಬ ಕಾಲಂ ಆ ಪಟ್ಟಿಯಲ್ಲಿರಲಿಲ್ಲ. ಕಟ್ಟಡದ ಮಾಲೀಕ ಗುತ್ತಿಗೆದಾರನಿಗೆ ಕೊಟ್ಟರೆ, ಗುತ್ತಿಗೆದಾರ ಇವರಿಗೆ ಕೊಡುವುದು ಅಲ್ಲಿನ ವಾಡಿಕೆ. ಕಾಮಗಾರಿ ನಿಂತಿತು, ಹಣವೂ ನಿಂತಿತು. ಜುಲೈಯಲ್ಲಿ ಟನ್ನಿಗೆ 3,000 ಡಾಲರ್ ದಾಟಿದ್ದ ಅಲ್ಯೂಮಿನಿಯಂ ದರ ವರ್ಷಾಂತ್ಯಕ್ಕೆ ಸುಮಾರು ಅರ್ಧಕ್ಕಿಳಿದಿದ್ದರಿಂದ ಗೋದಾಮಿನ ದಾಸ್ತಾನಿನ ಬೆಲೆಯೂ ಕರಗಿತ್ತು. ದುಬಾರಿ ದರದ ಆ ಸರಕಿಗೆ ಕೊಟ್ಟ ಮುಂದಿನ ದಿನಾಂಕದ ಚೆಕ್ಕುಗಳು ಮಾತ್ರ ಒಂದೊಂದಾಗಿ ಬ್ಯಾಂಕಿಗೆ ಬರಲು ಕಾದಿದ್ದವು.

ಆಗ ಅಲ್ಲಿ ಚೆಕ್ ಅಮಾನ್ಯವಾದರೆ ಅದು ನೇರವಾಗಿ ಪೊಲೀಸ್ ಪ್ರಕರಣ, ಜೈಲು. ಖಾತೆಯಲ್ಲಿ ಹಣ ಸಾಲದ ಕಾರಣಕ್ಕೇ ಕ್ರಿಮಿನಲ್ ಮೊಕದ್ದಮೆ ಹೂಡುವ ಪದ್ಧತಿಯನ್ನು ಆ ದೇಶವು ಬಹುಮಟ್ಟಿಗೆ ಕೈಬಿಟ್ಟುದು 2022ರ ಜನವರಿಯಲ್ಲಿ. ಇದೇ ಭಯದಿಂದ ಎಷ್ಟೋ ಮಂದಿ ಎಲ್ಲವನ್ನೂ ಬಿಟ್ಟು ರಾತ್ರೋರಾತ್ರಿ ವಿಮಾನ ಹತ್ತಿದ ಸುದ್ದಿಗಳು ದಿನವೂ ಕಿವಿಗೆ ಬೀಳುತ್ತಿದ್ದವು. ಅಣ್ಣನವರ ಜೇಬಿನಲ್ಲಿಯೂ ಮಂಗಳೂರಿನ ಟಿಕೆಟ್ ಇತ್ತು. ಅದನ್ನು ಮೇಜಿನ ಮೇಲಿಟ್ಟು, “ಹೋಗಲೋ, ಇರಲೋ?” ಎಂದು ಕೇಳಿದರು.

ಹೋಗಿ ಎನ್ನುವುದು ನನಗೆ ಸುಲಭವಿತ್ತು. ಆದರೆ ಮೂವತ್ತು ಮಂದಿ ಕೆಲಸಗಾರರ ಸಂಬಳ, ಸೇವಾ ಉಪದಾನ, ಊರಿನ ಟಿಕೆಟ್ಟಿಗೆ ಹೊಣೆ ಯಾರು? ನಾವಿಬ್ಬರೂ ಸಂಜೆಯವರೆಗೆ ಕುಳಿತು ಒಂದೇ ಹಾಳೆಯಲ್ಲಿ ಎಲ್ಲ ಚೆಕ್ಕುಗಳನ್ನು ದಿನಾಂಕದ ಕ್ರಮದಲ್ಲಿ ಬರೆದೆವು. ಎದುರಿಗೆ, ನಿಜವಾಗಿ ಬರಬಹುದಾದ ಹಣವನ್ನಷ್ಟೇ ಬರೆದೆವು. ಮರುದಿನದಿಂದ ಅವರು ಆ ಹಾಳೆಯೊಂದಿಗೆ ಪ್ರತಿಯೊಬ್ಬ ಸರಬರಾಜುದಾರರ ಬಳಿಗೆ, ಚೆಕ್ಕಿನ ದಿನಾಂಕಕ್ಕೆ ಮೊದಲೇ ಹೋದರು. ಒಬ್ಬರು ಬೈದರು, ಒಬ್ಬರು ಕಾಯಿಸಿದರು. ಹೆಚ್ಚಿನವರು ದೊಡ್ಡ ಚೆಕ್ಕನ್ನು ಹಿಂತಿರುಗಿಸಿ ಸಣ್ಣ ಕಂತುಗಳಿಗೆ ಒಪ್ಪಿದರು. ಓಡಿಹೋದವರನ್ನು ಕಂಡು ಬೇಸತ್ತಿದ್ದ ಅವರಿಗೆ ಎದುರು ಬಂದು ನಿಂತವರು ಅಪರೂಪವಾಗಿದ್ದರು. ದಾಸ್ತಾನನ್ನು ನಷ್ಟಕ್ಕೆ ಮಾರಿದರು, ಊರಿನಲ್ಲಿ ಮನೆಗೆಂದು ಕೊಂಡಿದ್ದ ನಿವೇಶನವನ್ನೂ ಮಾರಿದರು. ಬಾಕಿ ತೀರುವಾಗ 2010 ಮುಗಿಯುತ್ತ ಬಂದಿತ್ತು. ಉಳಿದದ್ದು ಎಂಟು ಮಂದಿಯ ಸಣ್ಣ ವರ್ಕ್‌ಶಾಪ್ ಮತ್ತು ಉದ್ದರಿ ಕೇಳಿದರೆ ಸಿಗುವಷ್ಟು ಹೆಸರು. ನಿವೇಶನದ ವಿಷಯವನ್ನು ಅವರೆಂದೂ ಎತ್ತಲಿಲ್ಲ. ನಾನು ಮರೆತೂ ಇಲ್ಲ.

ಈ ನಡುವೆ 2009ರ ನವೆಂಬರ್‌ನಲ್ಲಿ ದುಬೈ ವರ್ಲ್ಡ್ ಎಂಬ ಸರ್ಕಾರಿ ಸಂಸ್ಥೆಯೇ ಸಾಲ ಮರುಪಾವತಿಗೆ ಕಾಲಾವಕಾಶ ಕೇಳಿತು. ಅಬುಧಾಬಿ 1,000 ಕೋಟಿ ಡಾಲರ್ ನೆರವಿತ್ತಿತು. 2010ರ ಜನವರಿ 4ರಂದು ಉದ್ಘಾಟನೆಗೊಂಡ 828 ಮೀಟರ್ ಎತ್ತರದ ಗೋಪುರಕ್ಕೆ ಅಬುಧಾಬಿಯ ದೊರೆ ಖಲೀಫಾ ಅವರ ಹೆಸರನ್ನೇ ಇಡಲಾಯಿತು. ದೊಡ್ಡ ಸಾಲಗಾರನಿಗೆ ದೊಡ್ಡ ನೆಂಟರಿರುತ್ತಾರೆ. ಸಣ್ಣ ಉದ್ಯಮಿಗೆ ತನ್ನ ಲೆಕ್ಕದ ಹಾಳೆಯೇ ನೆಂಟ.

ನಮ್ಮಲ್ಲಿ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 2006ರ ಕಾಯ್ದೆ ವಿಧಿಸುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯೂ ಉಂಟು. ಆದರೂ ದೊಡ್ಡ ಗಿರಾಕಿ ಮುನಿಸಿಕೊಂಡಾನೆಂದು ಕೇಳುವವರು ಕಡಿಮೆ. ಆದ್ದರಿಂದ ಓದುಗ ಬಂಧುಗಳಲ್ಲಿ ನನ್ನದೊಂದು ವಿನಂತಿ. ಈ ಜನವರಿಯಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಅಂತಹ ಹಾಳೆಯೊಂದನ್ನು ಬರೆಯಿರಿ: ಒಂದು ಬದಿಗೆ ಕೊಡಬೇಕಾದ ದಿನಾಂಕಗಳು, ಇನ್ನೊಂದು ಬದಿಗೆ ಬರುವ ದಿನಾಂಕಗಳು. ಅವೆರಡೂ ಹೊಂದದಿದ್ದರೆ ಲಾಭದ ಅಂಕಿ ಎಷ್ಟೇ ದೊಡ್ಡದಿರಲಿ, ವಿಸ್ತರಣೆಯನ್ನು ಮುಂದೂಡಿ. ನಿಮ್ಮ ಲೆಕ್ಕಪರಿಶೋಧಕರು ಬೇರೆ ಹೇಳಿದರೆ, ಆ ಹಾಳೆಯನ್ನು ಅವರ ಮುಂದಿಟ್ಟು ಅಣ್ಣನವರ ಪ್ರಶ್ನೆಯನ್ನೇ ಕೇಳಿರಿ.