ಬಿ.ಕಾಂ ಬಿಡಬೇಕೋ, ಮುಗಿಸಬೇಕೋ?

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಬಿ.ಕಾಂ ಸೇರುವಾಗ ವಾಣಿಜ್ಯದ ಮೇಲಿನ ಒಲವಿಗಿಂತ ಬೇರೆ ಕಾರಣಗಳೇ ಹೆಚ್ಚು ಕೆಲಸ ಮಾಡುತ್ತವೆ. ಕಾಲೇಜು ಹತ್ತಿರ, ಬಸ್ ಪಾಸಿನಲ್ಲಿ ಹೋಗಿಬರಬಹುದು, ಫೀ ಕೈಗೆಟುಕುತ್ತದೆ, ಜೊತೆಗೆ ಓದಿದವರೂ ಅಲ್ಲೇ ಸೇರಿರುತ್ತಾರೆ. ಒಂದೆರಡು ಸೆಮಿಸ್ಟರ್ ಕಳೆಯುವಷ್ಟರಲ್ಲಿ ಕೆಲವರಿಗೆ ಇದು ತಮಗೆ ಹೇಳಿದ್ದಲ್ಲ ಅನ್ನಿಸತೊಡಗುತ್ತದೆ. ಆಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಬಿಡಬೇಕೋ, ಮುಗಿಸಬೇಕೋ? ಪ್ರಶ್ನೆಯನ್ನು ಹೀಗೆ ಕೇಳುವುದರಿಂದಲೇ ಅರ್ಧ ತೊಂದರೆ ಶುರುವಾಗುತ್ತದೆ. ಪದವಿಗೆ ಓದುವ ವಿಷಯ ಬೇರೆ, ಬದುಕಿಗೆ ಹಿಡಿಯುವ ವೃತ್ತಿ ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಬದಲಿಸಬೇಕಾದವರು ಹೆದರಿ ಉಳಿಯುತ್ತಾರೆ, ಉಳಿಯಬೇಕಾದವರು ಅವಸರ ಮಾಡಿ ಹೊರಬೀಳುತ್ತಾರೆ.

ನಿಯಮಗಳನ್ನೇ ನೋಡಿ. ಎಂ.ಬಿ.ಎ ಪ್ರವೇಶಕ್ಕೆ ಯಾವ ವಿಷಯದ ಪದವಿಯಾದರೂ ಆಗುತ್ತದೆ; ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟರಿಗೆ ಶೇ. 45 ಅಂಕ ಇದ್ದರೆ ಸಾಕು. ಲೆಕ್ಕಪರಿಶೋಧಕರಾಗಲು ಬಿ.ಕಾಂ ಕಡ್ಡಾಯ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಸಿ.ಎ ಸಂಸ್ಥೆಯ ನಿಯಮ ಹಾಗಿಲ್ಲ. ವಾಣಿಜ್ಯ ಪದವೀಧರರು ಶೇ. 55, ಉಳಿದ ಪದವೀಧರರು ಶೇ. 60 ಅಂಕ ಪಡೆದಿದ್ದರೆ ಫೌಂಡೇಶನ್ ಪರೀಕ್ಷೆ ಬಿಟ್ಟು ನೇರ ಇಂಟರ್‌ಮೀಡಿಯೆಟ್‌ಗೆ ಹೆಸರು ನೋಂದಾಯಿಸಬಹುದು. ಅಂದರೆ ಬಿ.ಎ ಅಥವಾ ಬಿ.ಎಸ್‌ಸಿ ಓದುತ್ತಿರುವ ಹುಡುಗಿಗೆ ವ್ಯವಹಾರದ ಕಡೆ ಮನಸ್ಸು ಹೋದರೆ ಕೋರ್ಸ್ ಬಿಟ್ಟು ಬಿ.ಕಾಂ ಸೇರುವ ಅಗತ್ಯ ಹೆಚ್ಚಿನ ಸಲ ಇರುವುದಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ದಾರಿ ಕಠಿಣ. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಈ ಭಾಗದ ಮಕ್ಕಳಿಗೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದೆ. ಆದರೆ ಪಿಯುಸಿಯಲ್ಲಿ ವಾಣಿಜ್ಯ ಓದಿದವನು ಅಲ್ಲಿ ಸೇರಬೇಕೆಂದರೆ ವಿಜ್ಞಾನದಲ್ಲಿ ಪಿಯುಸಿಯನ್ನೇ ಮತ್ತೆ ಮಾಡಿ, ಸಿಇಟಿ ಬರೆದು, ಆಮೇಲೆ ನಾಲ್ಕು ವರ್ಷ ಓದಬೇಕು. ಒಟ್ಟು ಆರು ವರ್ಷ. ಆದ್ದರಿಂದ ವ್ಯವಹಾರದ ಕಡೆಗೆ ಬರುವವರು ನಿಧಾನಿಸಬಹುದು. ವಾಣಿಜ್ಯ ಬಿಟ್ಟು ವಿಜ್ಞಾನ ಅಥವಾ ತಾಂತ್ರಿಕ ವಿಷಯಕ್ಕೆ ಹೋಗುವವರು ಮೊದಲ ವರ್ಷದಲ್ಲೇ ತೀರ್ಮಾನ ಮಾಡಬೇಕು. ಇವೆರಡಕ್ಕೂ ಒಂದೇ ಸಲಹೆ ಕೊಡುವುದು ತಪ್ಪು.

ಕೋರ್ಸ್ ಬದಲಿಸುವ ಮಾತೆತ್ತಿದ ಮಗನಿಗೆ ಮೊದಲು ಸಿಗುವ ಉತ್ತರ ‘ಚಂಚಲ ಬುದ್ಧಿ’ ಎಂಬ ಬೈಗುಳ. ಈ ಆರೋಪಕ್ಕೆ ಆಧಾರ ಕಡಿಮೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ, ಹದಿನಾರರ ವಯಸ್ಸಿನಲ್ಲಿ, ಕಲೆ, ವಾಣಿಜ್ಯ, ವಿಜ್ಞಾನ ಎಂದು ಕವಲು ಒಡೆಯುತ್ತದೆ. ಅರ್ಥಶಾಸ್ತ್ರಜ್ಞ ಓಫರ್ ಮಲಮುಡ್ ಇಂಥದ್ದೇ ವ್ಯತ್ಯಾಸವನ್ನು ಬ್ರಿಟನ್ನಿನಲ್ಲಿ ಅಭ್ಯಾಸ ಮಾಡಿದ್ದಾರೆ. ಇಂಗ್ಲೆಂಡಿನ ವಿದ್ಯಾರ್ಥಿಗಳು ಬೇಗನೇ ಒಂದು ವಿಷಯಕ್ಕೆ ಕಟ್ಟುಬೀಳುತ್ತಾರೆ. ಸ್ಕಾಟ್ಲೆಂಡಿನವರು ಮೊದಲ ಎರಡು ವರ್ಷ ಹಲವು ವಿಷಯ ಓದಿ ನಂತರ ಆರಿಸುತ್ತಾರೆ. ಓದಿದ ವಿಷಯಕ್ಕೆ ಸಂಬಂಧವಿಲ್ಲದ ಉದ್ಯೋಗಕ್ಕೆ ಹೊರಳಿದವರ ಪ್ರಮಾಣ ಇಂಗ್ಲೆಂಡಿನಲ್ಲೇ ಹೆಚ್ಚು. ತನಗೇನು ಒಗ್ಗುತ್ತದೆ ಎಂದು ತಿಳಿಯುವ ಮೊದಲೇ ಆರಿಸಿದವರು ಆಮೇಲೆ ದಾರಿ ಬದಲಿಸುವುದು ಸಹಜ. ಅಮೆರಿಕದ ಶಿಕ್ಷಣ ಇಲಾಖೆಯ ಲೆಕ್ಕದಲ್ಲೂ, 2011-12ರಲ್ಲಿ ಕಾಲೇಜು ಸೇರಿ ಮುಖ್ಯ ವಿಷಯ ಆರಿಸಿಕೊಂಡವರಲ್ಲಿ ಶೇ. 30ರಷ್ಟು ಮಂದಿ ಮೂರು ವರ್ಷದೊಳಗೆ ಒಮ್ಮೆಯಾದರೂ ಅದನ್ನು ಬದಲಿಸಿದ್ದರು. ಅಲ್ಲಿ ಬದಲಿಸುವುದು ನಮ್ಮಲ್ಲಿಗಿಂತ ಸುಲಭ, ನಿಜ. ಆದರೂ ಮನಸ್ಸು ಬದಲಾಗುವುದು ಒಬ್ಬಿಬ್ಬರ ದೋಷವಲ್ಲ ಎಂಬುದಕ್ಕೆ ಅಷ್ಟು ಸಾಕು.

ಹಾಗಂತ ಬೇಸರ ಬಂದಾಗಲೆಲ್ಲ ಬಿಡಬೇಕೆಂದಲ್ಲ. ಬೇಸರ ಯಾವುದರ ಮೇಲೆ ಎಂದು ಮೊದಲು ಬಿಡಿಸಿ ನೋಡಬೇಕು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು ಕಾಸ್ಟ್ ಅಕೌಂಟಿಂಗ್‌ನಲ್ಲಿ ಫೇಲಾದರೆ, ತಡೆದದ್ದು ಭಾಷೆಯೋ ವಿಷಯವೋ ಹೇಳುವುದು ಕಷ್ಟ. ಇದಕ್ಕೆ ಈ ನೆಲದಲ್ಲೇ ಒಂದು ಒಳ್ಳೆಯ ಪರೀಕ್ಷೆ ಇದೆ: ಕಬ್ಬಿನ ಬಿಲ್. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲೆ ಪ್ರತಿ ಶೇ. 0.1 ಹೆಚ್ಚಳಕ್ಕೆ 3.46 ರೂಪಾಯಿ. ಇಳುವರಿ ಶೇ. 11.25 ಬಂದರೆ ಟನ್ನಿಗೆ 3,896 ರೂಪಾಯಿ ಆಗುತ್ತದೆ. ಅದರಲ್ಲಿ ಕಟಾವು ಮತ್ತು ಸಾಗಣೆ ಖರ್ಚು ಕಳೆದು ರೈತನ ಖಾತೆಗೆ ಬೀಳುವುದೆಷ್ಟು? ಕಾರ್ಖಾನೆಗೆ ಸಕ್ಕರೆಯ ಜೊತೆ ಮೊಲಾಸಿಸ್, ಎಥೆನಾಲ್, ವಿದ್ಯುತ್ತಿನಿಂದ ಬರುವುದೆಷ್ಟು? 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಧರಣಿ ಕೂತದ್ದು ಇದೇ ಲೆಕ್ಕದ ಮೇಲೆ. ಟನ್ನಿಗೆ 3,500 ಕೇಳಿದರು, ಸರ್ಕಾರ ನಡುವೆ ಬಂದು 3,300 ಘೋಷಿಸಿತು. ಬಿ.ಕಾಂ ಹುಡುಗ ತನ್ನ ಮನೆಯ ಕಬ್ಬಿನ ಬಿಲ್ ಮುಂದಿಟ್ಟುಕೊಂಡು ಈ ಲೆಕ್ಕವನ್ನು ಕೊನೆತನಕ ಬಿಡಿಸಲಿ. ಅದರಲ್ಲಿ ಕುತೂಹಲ ಹುಟ್ಟಿದರೆ ವಿಷಯದ ಮೇಲೆ ಅವನಿಗೆ ದ್ವೇಷವಿಲ್ಲ, ಕಲಿಸಿದ ರೀತಿ ಅಥವಾ ಭಾಷೆ ಅಡ್ಡ ಬಂದಿದೆ. ಅದಕ್ಕೆ ಕೋರ್ಸ್ ಬಿಡುವುದು ಮದ್ದಲ್ಲ. ತನ್ನ ಅಪ್ಪನ ಬೆವರಿನ ಲೆಕ್ಕವೂ ಅವನನ್ನು ಸೆಳೆಯದೆ, ಅದೇ ಹೊತ್ತಿನಲ್ಲಿ ಗದ್ದೆಯ ಮಣ್ಣು, ರೋಗ, ತಳಿಗಳ ಕಡೆಗೇ ಮನಸ್ಸು ಹೋದರೆ ಆ ಸೂಚನೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

‘ಒಂದು ವರ್ಷ ಹಾಳಾಯಿತಲ್ಲ’ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ಅದಕ್ಕೆ ಲೆಕ್ಕದ ಉತ್ತರವಿದೆ: ಕಳೆದ ವರ್ಷ ಮುಂದುವರಿದರೂ ವಾಪಸು ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ತೂಗಬೇಕಾದ್ದು ಮುಂದಿನ ವರ್ಷಗಳನ್ನು ಮಾತ್ರ. ಇದೇ ತೂಕ ಎರಡೂ ಕಡೆ ವಾಲುತ್ತದೆ. ಮೊದಲ ವರ್ಷದಲ್ಲಿರುವವನಿಗೆ ಬಿಡುವುದು ಅಗ್ಗ. ಐದನೇ ಸೆಮಿಸ್ಟರ್‌ನಲ್ಲಿರುವವಳಿಗೆ ಪದವಿ ಮುಗಿಸಲು ಬೇಕಾದ್ದು ಕೆಲವೇ ತಿಂಗಳು; ಆ ಪದವಿ ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ, ಮೂರು ವರ್ಷದ ಕಾನೂನು ಪದವಿ ಎಲ್ಲಕ್ಕೂ ಅರ್ಹತೆ ಕೊಡುತ್ತದೆ. ಆಕೆ ಮುಗಿಸಿಯೇ ದಾರಿ ಬದಲಿಸುವುದು ಮೇಲು. ಬದಲಾವಣೆಯ ಭಯಕ್ಕೂ ಒಂದು ಉತ್ತರವಿದೆ. ಅಮೆರಿಕದ ಸ್ಟೀವನ್ ಲೆವಿಟ್ ಎಂಬ ಅರ್ಥಶಾಸ್ತ್ರಜ್ಞ, ಬದಲಿಸಬೇಕೋ ಬೇಡವೋ ಎಂದು ನಿರ್ಧಾರವಾಗದೆ ತೊಳಲುತ್ತಿದ್ದವರಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿಸಿ ಗಮನಿಸಿದರು. ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ ಹೆಚ್ಚು ನೆಮ್ಮದಿಯಿಂದ ಇದ್ದೇವೆಂದು ಹೇಳಿದರು. ಅವರೆಲ್ಲ ಮೊದಲೇ ಅರ್ಧ ಮನಸ್ಸು ಮಾಡಿದ್ದವರು ಎಂಬುದನ್ನು ಮರೆಯಬಾರದು. ಹಾಗೆಯೇ ಹೆಣ್ಣುಮಕ್ಕಳಿಗೆ ಒಂದು ವರ್ಷ ಹೆಚ್ಚಾಗುವುದೆಂದರೆ ಎಷ್ಟೋ ಮನೆಗಳಲ್ಲಿ ಓದೇ ನಿಂತು ಮದುವೆಯ ಮಾತು ಶುರುವಾಗುವುದು ಎಂದರ್ಥ. ಈ ಅಪಾಯವನ್ನು ಯಾವ ಅಧ್ಯಯನವೂ ನಮಗಾಗಿ ತೂಗಿ ಕೊಡುವುದಿಲ್ಲ. ಅಂಥ ಮನೆಯ ಹುಡುಗಿಗೆ ಇನ್ನೊಂದು ಅನುಕೂಲವಿದೆ: ಕಾಲೇಜಿನ ಪದವಿಯ ಜೊತೆಗೇ ದೂರಶಿಕ್ಷಣದಲ್ಲಿ ಇನ್ನೊಂದು ಪದವಿ ಓದಲು ಯುಜಿಸಿ 2022ರಲ್ಲಿ ಅವಕಾಶ ಕೊಟ್ಟಿದೆ.

‘ಈ ಊರಲ್ಲಿ ಏನು ಓದಿದರೂ ಅಷ್ಟೇ’ ಎನ್ನುವವರೂ ಇದ್ದಾರೆ. ಸುತ್ತ ನೋಡಿದರೆ ಹಾಗನ್ನಿಸುವುದಿಲ್ಲ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗಳು, 1969ರಲ್ಲಿ ಸ್ಥಾಪನೆಯಾಗಿ ಮನೆಮನೆಗೆ ಕರೆಂಟು ಕೊಡುತ್ತಿರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಊರೂರಿಗೂ ಇರುವ ಪತ್ತಿನ ಸೊಸೈಟಿಗಳು, ಕರದಂಟಿನ ಅಂಗಡಿಗಳು: ಇವೆಲ್ಲಕ್ಕೂ ಜಿಎಸ್‌ಟಿ, ಆಡಿಟ್, ಸಾಲದ ದಾಖಲೆ ಗೊತ್ತಿರುವವರು ಬೇಕು. ಎಲ್ಲರಿಗೂ ಇಲ್ಲೇ ಕೆಲಸ ಸಿಗುವಷ್ಟು ಜಾಗ ಇಲ್ಲವೆಂಬುದು ಸರಿ. ಆದರೆ ಬರಿ ಬಿ.ಕಾಂ ಮತ್ತು ಕೆಲಸ ಬಲ್ಲ ಬಿ.ಕಾಂ ನಡುವಿನ ಅಂತರ ಕೋರ್ಸ್ ಬದಲಿಸುವುದರಿಂದ ತುಂಬುವುದಿಲ್ಲ; ಟ್ಯಾಲಿ, ರಿಟರ್ನ್ ಸಲ್ಲಿಕೆ, ಒಂದು ಆಡಿಟ್ ಕಚೇರಿಯಲ್ಲಿ ರಜೆಯ ದುಡಿಮೆ ಇವುಗಳಿಂದ ತುಂಬುತ್ತದೆ.

ತೀರ್ಮಾನಕ್ಕೆ ಮೊದಲು ಕೆಲವನ್ನು ಬಾಯಿಮಾತಿಗೆ ಬಿಡದೆ ಕಾಲೇಜಿನ ಕಚೇರಿಯಲ್ಲೇ ಕೇಳಿ ತಿಳಿಯಬೇಕು. ಹೊಸ ಕೋರ್ಸಿಗೆ ಹೋದರೆ ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ಸೀಟು ಉಳಿಯುತ್ತದೆಯೇ, ಕಟ್ಟಿದ ಫೀ ಎಷ್ಟು ವಾಪಸು ಬರುತ್ತದೆ, ಪಾಸಾದ ವಿಷಯಗಳಲ್ಲಿ ಯಾವುದು ಲೆಕ್ಕಕ್ಕೆ ಸಿಗುತ್ತದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ, ಬಿಟ್ಟು ಆಮೇಲೆ ಬಂದು ಸೇರುವವರಿಗೆ ಪಠ್ಯವೇ ಬೇರೆ ಸಿಗಬಹುದು. ತಂದೆ ತಾಯಿಯರಲ್ಲಿ ಒಂದು ಕೋರಿಕೆ: ಮಗ ಅಥವಾ ಮಗಳು ಕೋರ್ಸ್ ಬದಲಿಸುವ ಮಾತು ಆಡಿದ ವಾರದಲ್ಲೇ ಜೊತೆಗೆ ಕಾಲೇಜಿಗೆ ಹೋಗಿ ಇವನ್ನು ಕೇಳಿ ಬನ್ನಿ. ಎರಡನೇ ವರ್ಷದ ಫೀ ಕಟ್ಟಿದ ಮೇಲೆ ನಡೆಯುವ ಅದೇ ಮಾತುಕತೆಗೆ ಬೆಲೆ ದುಬಾರಿ.